ವ್ಯಾನ್ ನಿಂತಿದ್ದರೂ ಓಡುವ ಮೀಟರ್

ಸ್ಪೇನ್‌ನಲ್ಲಿ ಬಾಡಿಗೆಗೆ ಹಿಡಿದ ಕ್ಯಾಂಪರ್‌ವ್ಯಾನಿನ ಹಿಂಬದಿ ಮೂಲೆ ಕಾಂಕ್ರೀಟ್ ಕಂಬಕ್ಕೆ ಉಜ್ಜಿತು. ನಮ್ಮ ಡಿಪಾಸಿಟ್‌ನಿಂದ 480 ಯೂರೋ ಮುರಿದುಕೊಂಡರು. ಲೆಕ್ಕಕ್ಕೆ ಸುಲಭವಾಗಲೆಂದು ಯೂರೋಗೆ ನೂರು ರೂಪಾಯಿ ಹಿಡಿದರೆ 48 ಸಾವಿರ. ಊರಿಗೆ ಬಂದ ಮೇಲೆ ಸುದ್ದಿ ಕೇಳಿದವರೆಲ್ಲ ಆಡಿದ್ದು ಒಂದೇ ಮಾತು. ಬಾಮೈದನಂತೂ ಫೋನಿನಲ್ಲೇ, "ಭಾವಾ, ಅಷ್ಟು ಖರ್ಚು ಮಾಡ್ಕೊಂಡು ಹೋದೋರು ಫುಲ್ ಇನ್ಶೂರೆನ್ಸ್ ತಗೊಳ್ಳೋಕೆ ಯಾಕೆ ಹಿಂದೆಮುಂದೆ ನೋಡಿದ್ರಿ?" ಎಂದ. ನಾವು ಹಿಂದೆಮುಂದೆ ನೋಡಿರಲಿಲ್ಲ. ಲೆಕ್ಕ ಹಾಕಿಯೇ ಬೇಡವೆಂದಿದ್ದೆವು. 48 ಸಾವಿರ ಕೈಬಿಟ್ಟ ಮೇಲೂ ಆ ಲೆಕ್ಕ ಸರಿಯಾಗಿಯೇ ನಿಂತಿದೆ.

ಹೆಂಡತಿ ಮತ್ತು ನಾನು ಮಾಲಗದಲ್ಲಿ ವ್ಯಾನ್ ಹತ್ತಿದ್ದು ಫೆಬ್ರುವರಿ ಕೊನೆಯಲ್ಲಿ. ಪೂರ್ವಕ್ಕೆ ನೆರ್ಹಾ, ಸಲೊಬ್ರೆನ್ಯಾ, ಅಲ್ಮೆರಿಯಾ, ಕಾಬೊ ದೆ ಗಾಟಾ, ಅಲ್ಲಿಂದ ಮುರ್ಸಿಯಾದ ಆಗಿಲಾಸ್‌ವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸು. ಒಂದು ತಿಂಗಳ ಕರಾರು. ಈ ದೂರವನ್ನು ಎ-7 ಹೆದ್ದಾರಿಯಲ್ಲಿ ಟೋಲ್ ಕೊಡದೆ ಒಂದೇ ದಿನದಲ್ಲಿ ಮುಗಿಸಬಹುದು. ನಾವು ಹಳೆಯ ಎನ್-340 ರಸ್ತೆ ಹಿಡಿದು, ಇಷ್ಟವಾದಲ್ಲಿ ನಾಲ್ಕೈದು ದಿನ ನಿಂತು, ಅಲ್ಲಲ್ಲಿ ಒಳದಾರಿ ತಿರುಗಿ, ಒಟ್ಟು ಓಡಿಸಿದ್ದು ಎಂಟುನೂರು ಕಿಲೋಮೀಟರ್ ಆಸುಪಾಸು. ನೂರು ಕಿಲೋಮೀಟರಿಗೆ ಹತ್ತು ಲೀಟರ್ ಡೀಸೆಲ್ ಕುಡಿಯುವ ವಾಹನ ಅದು. ಲೀಟರಿಗೆ ಒಂದೂವರೆ ಯೂರೋ ಹಿಡಿದರೆ ಇಡೀ ತಿಂಗಳ ಡೀಸೆಲ್ 120 ಯೂರೋ. ಇದೇ ಅವಧಿಯಲ್ಲಿ ಲಿಸ್ಬನ್, ಬಾರ್ಸಿಲೋನಾ ಎರಡನ್ನೂ ಮುಟ್ಟಿ ಬರಬೇಕೆಂದು ನಾಲ್ಕು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಅದು 600 ಯೂರೋ ಆಗುತ್ತದೆ.

ನಿಧಾನವಾಗಿ ಹೋದರೆ ಸಿಗುವುದು ಬರೀ ಡೀಸೆಲ್ ಉಳಿತಾಯವಲ್ಲ. ಸಲೊಬ್ರೆನ್ಯಾದಲ್ಲಿ ನಿಂತಾಗ ಒಂದು ಬದಿಗೆ ಮೆಡಿಟರೇನಿಯನ್, ಇನ್ನೊಂದು ಬದಿಗೆ ಹಿಮ ಹೊದ್ದ ಸಿಯೆರಾ ನೆವಾಡಾ. ಉತ್ತರದ ಚಳಿಗಾಳಿಯನ್ನು ಆ ಬೆಟ್ಟಸಾಲು ತಡೆಯುವುದರಿಂದಲೇ ಗ್ರನಾಡಾದ ಈ ಕರಾವಳಿಯಲ್ಲಿ ಮಾವು, ಬೆಣ್ಣೆಹಣ್ಣು, ನಮ್ಮ ಸೀತಾಫಲದ ಬಳಗದ ಚಿರಿಮೋಯಾ ಎಲ್ಲ ಬೆಳೆಯುತ್ತವೆ. ಅರಬರ ಕಾಲದಲ್ಲಿ ಬಂದ ಕಬ್ಬು ಕೂಡ ಇಲ್ಲಿ ನೂರಾರು ವರ್ಷ ಬೆಳೆಯಿತು. ಇಲ್ಲಿನ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿದ್ದು 2006ರಲ್ಲಿ. ಮಂಡ್ಯದ ಸೊಸೆಯಾದ ನನ್ನ ಹೆಂಡತಿ ಆ ಬಯಲಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ಅಂಥ ದಿನಗಳಲ್ಲಿ ವ್ಯಾನ್ ಕ್ಯಾಂಪಿಂಗ್ ಜಾಗದಲ್ಲಿ ಅಲುಗಾಡದೆ ನಿಂತಿರುತ್ತಿತ್ತು. ಈ ಮಾತು ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ದಿನ ಕೀಲಿ ಕೊಡುವ ಮೊದಲು ಕೌಂಟರಿನಲ್ಲಿದ್ದ ಹುಡುಗ ಕಾಗದ ಮುಂದಿಟ್ಟ. ಎಕ್ಸೆಸ್, ಅಂದರೆ ಹಾನಿಯಾದರೆ ನಾವು ತುಂಬಿಕೊಡಬೇಕಾದ ಗರಿಷ್ಠ ಹಣ, 1,500 ಯೂರೋ. ಅಷ್ಟೂ ಕ್ರೆಡಿಟ್ ಕಾರ್ಡಿನಲ್ಲಿ ಬ್ಲಾಕ್. ದಿನಕ್ಕೆ 28 ಯೂರೋ ಕೊಟ್ಟರೆ ಎಕ್ಸೆಸ್ ಸೊನ್ನೆ. ಇಲ್ಲಿನ ರಸ್ತೆ ಕಿರಿದು, ನೀವು ಎಡಬದಿಯಲ್ಲಿ ಓಡಿಸುವ ದೇಶದವರು, ಒಂದು ಗೀಚು ಬಿದ್ದರೂ ಡಿಪಾಸಿಟ್ ಹೋಗುತ್ತದೆ ಎಂದೆಲ್ಲ ಹೇಳಿದ. ಹನ್ನೆರಡು ಗಂಟೆ ವಿಮಾನದಲ್ಲಿ ಕೂತು ಇಳಿದವರಿಗೆ ಆ ಮಾತು ಚೆನ್ನಾಗಿಯೇ ನಾಟುತ್ತದೆ. "ಏನ್ರೀ, ಇಷ್ಟು ಹೇಳ್ತಿದಾನಲ್ಲ, ತಗೊಂಡುಬಿಡೋಣ್ವಾ?" ಎಂದಳು ಹೆಂಡತಿ. ಮರುಗಳಿಗೆಗೆ ತಾನೇ ಮೊಬೈಲ್ ತೆಗೆದು ಗುಣಿಸಿದಳು. 28 ಗುಣಿಸು 30, 840 ಯೂರೋ. ಅಂದರೆ 84 ಸಾವಿರ ರೂಪಾಯಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಗರಿಷ್ಠ ನಷ್ಟ ಒಂದೂವರೆ ಲಕ್ಷ. ಅದನ್ನು ತಪ್ಪಿಸಲು ಕೊಡಬೇಕಾದ್ದು 84 ಸಾವಿರ. 840ನ್ನು 1,500ರಿಂದ ಭಾಗಿಸಿದರೆ ಶೇ 56. ನನ್ನಂತೆ ತಿಂಗಳ ಮಟ್ಟಿಗೆ ವ್ಯಾನ್ ಹಿಡಿದ ನೂರು ಜನ ಈ ರಕ್ಷಣೆ ಕೊಂಡರೆಂದು ಇಟ್ಟುಕೊಳ್ಳಿ. ಕಂಪನಿಗೆ ಬರುವುದು 84,000 ಯೂರೋ. ಅಷ್ಟೂ ಹಣ ಗ್ರಾಹಕರಿಗೇ ವಾಪಸಾಗಬೇಕಾದರೆ ನೂರರಲ್ಲಿ 56 ಜನ ಪೂರ್ತಿ 1,500 ಯೂರೋದ ಹಾನಿ ಮಾಡಿಕೊಂಡು ಬರಬೇಕು. ಆದರೆ ಗೀಚು, ನೆಗ್ಗು, ಒಡೆದ ಲೈಟು ಪೂರ್ತಿ ಎಕ್ಸೆಸ್‌ವರೆಗೆ ಹೋಗುವುದು ಅಪರೂಪ. ಹಾನಿಯೊಂದಕ್ಕೆ 500 ಯೂರೋ ಹಿಡಿಯಿರಿ, ಆಗ ನೂರು ವ್ಯಾನಿಗೆ 168 ಹಾನಿ ಆಗಬೇಕು. ಪ್ರತಿಯೊಬ್ಬರೂ ಒಂದು ಸಲ ಗುದ್ದಿ, ಅವರಲ್ಲಿ ಮೂರನೇ ಎರಡು ಪಾಲು ಜನ ಮತ್ತೊಮ್ಮೆ ಗುದ್ದಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಹಾಗೆ ಆಗುವುದಿದ್ದರೆ ಯಾವ ಕಂಪನಿಯೂ ವ್ಯಾನ್ ಬಾಡಿಗೆಗೆ ಕೊಡುತ್ತಿರಲಿಲ್ಲ.

ಅದೇ ರಕ್ಷಣೆಯನ್ನು ಮೂರು ದಿನಕ್ಕೆ ಕೊಂಡರೆ? 84 ಯೂರೋ, ಎಕ್ಸೆಸ್‌ನ ಶೇ 5.6. ನೂರು ಜನರಲ್ಲಿ ಹದಿನೇಳು ಮಂದಿ 500 ಯೂರೋದ ಹಾನಿ ಮಾಡಿಕೊಂಡರೆ ಸರಿಹೋಯಿತು. ಹೊಸ ಊರು, ಹೊಸ ವಾಹನ, ಮೂರೇ ದಿನದಲ್ಲಿ ಸಾವಿರ ಕಿಲೋಮೀಟರ್ ಓಡಿಸುವ ಅವಸರ. ಅಂಥವರು ಕೊಳ್ಳುವುದು ನ್ಯಾಯ. ಅಪಾಯ ಇರುವುದು ಓಡಿಸಿದ ಕಿಲೋಮೀಟರಿನಲ್ಲಿ, ಹಣ ಕೀಳುವುದು ಕ್ಯಾಲೆಂಡರಿನ ದಿನಕ್ಕೆ. ನಾವು ನೆರ್ಹಾದ ಗುಹೆ ನೋಡುತ್ತಿದ್ದಾಗಲೂ, ಕಾಬೊ ದೆ ಗಾಟಾದ ಉಪ್ಪಿನಗದ್ದೆಯ ಫ್ಲಮಿಂಗೊಗಳನ್ನು ನೋಡುತ್ತ ಕೂತಾಗಲೂ ಮೀಟರ್ ಓಡುತ್ತಲೇ ಇರುತ್ತದೆ. ನಿಧಾನವಾಗಿ ತಿರುಗುವವರಿಗೆ ಡೀಸೆಲ್ ಅಗ್ಗ, ಬಾಡಿಗೆ ತಿಂಗಳ ದರದಲ್ಲಿ ಅಗ್ಗ, ಕ್ಯಾಂಪಿಂಗ್ ಜಾಗ ವಾರದ ಮೇಲೆ ನಿಂತರೆ ಅಗ್ಗ. ದುಬಾರಿಯಾಗುವುದು ಈ ರಕ್ಷಣೆಯೊಂದೇ. ಇಷ್ಟು ದಿನದ ಮೇಲೆ ಹಣವಿಲ್ಲ ಎಂಬ ಮಿತಿ ಕರಾರಿನಲ್ಲಿದ್ದರೆ ಮಾತ್ರ ಲೆಕ್ಕ ಬೇರೆ.

ಇನ್ನು ಸೊನ್ನೆ ಎಕ್ಸೆಸ್ ಎಂಬ ಮಾತು. ಕಾಗದದ ಹಿಂಬದಿ ಓದಿದೆ. ಛಾವಣಿ ಸೇರಿಲ್ಲ, ತಳಭಾಗ ಸೇರಿಲ್ಲ, ಟೈರ್ ಸೇರಿಲ್ಲ, ಬಿಚ್ಚಿ ಚಾಚುವ ಮೇಲಾವರಣ ಸೇರಿಲ್ಲ, ಒಳಗಿನ ಪೀಠೋಪಕರಣ ಸೇರಿಲ್ಲ. ಎರಡೂಮುಕ್ಕಾಲು ಮೀಟರ್ ಎತ್ತರದ ವಾಹನಕ್ಕೆ ದೊಡ್ಡ ಪೆಟ್ಟು ಬೀಳುವುದು ಛಾವಣಿಗೇ. ಆ ಕರಾವಳಿಯ ಎಷ್ಟೋ ಬೀಚ್ ಪಾರ್ಕಿಂಗ್‌ಗಳ ಬಾಯಲ್ಲಿ ಇಂಥ ವ್ಯಾನುಗಳು ಒಳಗೆ ಬಾರದಿರಲೆಂದೇ ಎರಡು ಮೀಟರಿಗೆ ಕಬ್ಬಿಣದ ತೊಲೆ ಅಡ್ಡ ಹಾಕಿರುತ್ತಾರೆ. ಆಗಬಹುದಾದ ದೊಡ್ಡ ಹಾನಿಯನ್ನೇ ಹೊರಗಿಟ್ಟು, ಉಳಿದ ಚಿಲ್ಲರೆ ಹಾನಿಗೆ 84 ಸಾವಿರ ಕೇಳುವುದನ್ನು ರಕ್ಷಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗಾಬರಿಯಾದವರಿಗೆ ಗಾಬರಿಯನ್ನೇ ಮಾರುವ ವ್ಯಾಪಾರ ಅದು.

ನಮಗೆ ಆದದ್ದು ಹೀಗೆ. ಸೂಪರ್‌ಮಾರ್ಕೆಟ್ ಪಾರ್ಕಿಂಗಿನಿಂದ ಹೊರಬರಲು ಎಡಕ್ಕೆ ಪೂರ್ತಿ ತಿರುಗಿಸಿದೆ. ಇಂಥ ವ್ಯಾನಿನಲ್ಲಿ ಹಿಂದಿನ ಚಕ್ರ ದಾಟಿ ಒಂದು ಮಾರು ಬಾಡಿ ಹೊರಗಿರುತ್ತದೆ. ಮೂತಿ ಎಡಕ್ಕೆ ಹೋದರೆ ಬಾಲ ಬಲಕ್ಕೆ ಬೀಸುತ್ತದೆ. ಮೊಣಕಾಲೆತ್ತರದ ಕಂಬ, ಬಲಗನ್ನಡಿಯಲ್ಲಿ ಕಾಣದ ಎತ್ತರ. ಬಂಪರ್ ತುದಿ ಸೀಳಿತು, ಕೆಂಪು ಲೈಟಿನ ಗಾಜು ಹೋಯಿತು. ವಾಪಸು ಕೊಡುವಾಗ ಕಂಪನಿಯವರು ದರಪಟ್ಟಿ ತೋರಿಸಿ 480 ಯೂರೋ ಹಾಕಿದರು. ಕಾರ್ಡ್ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿತು. ಯೂರೋ ಒತ್ತಿದೆ. ರೂಪಾಯಿ ಒತ್ತಿದರೆ ಯಂತ್ರದವರ ವಿನಿಮಯ ದರಕ್ಕೆ ತಲೆ ಕೊಟ್ಟಂತೆ, ಅದನ್ನು ಎಂದೂ ಮಾಡಬೇಡಿ. ನನ್ನ ಕಾರ್ಡಿನ ಮಾರ್ಕ್‌ಅಪ್ ಶೇ 3.5, ಅದರ ಮೇಲೆ ಜಿಎಸ್‌ಟಿ, ಸುಮಾರು ಎರಡು ಸಾವಿರ ಸೇರಿತು. ಒಟ್ಟು 50 ಸಾವಿರ. ರಕ್ಷಣೆ ಕೊಂಡಿದ್ದರೆ ಅದೇ ಮಾರ್ಕ್‌ಅಪ್ ಸೇರಿ 87 ಸಾವಿರದ ಮೇಲೆ ಹೋಗುತ್ತಿತ್ತು.

ಹೊರಡುವ ಮೊದಲೇ ಒಂದೂವರೆ ಲಕ್ಷವನ್ನು ಲಿಕ್ವಿಡ್ ಫಂಡಿನಲ್ಲಿ ಬೇರೆಯಾಗಿ ಇಟ್ಟಿದ್ದೆವು. ಹೋದರೆ ಹೋಗಲಿ ಎಂಬ ಹಣ ಅದು. ಅದರಲ್ಲಿ ಒಂದು ಲಕ್ಷ ಇನ್ನೂ ಅಲ್ಲೇ ಇದೆ. ಹಾಗೆ ತೆಗೆದಿಡಲು ಆಗದವರು ಒಂದು ತಿಂಗಳ ವ್ಯಾನ್ ಪ್ರವಾಸಕ್ಕೆ ಹೋಗಲೇಬಾರದು, ವಾರದ ಪ್ರವಾಸ ಸಾಕು. ವ್ಯಾನ್ ಅಗ್ಗ ಎಂದು ನಂಬಿ ಹೋಗುವುದೂ ಬೇಡ. ನಾವು ಬಾಡಿಗೆಗೆ ದಿನಕ್ಕೆ 75, ಜಾಗಕ್ಕೆ ಸುಮಾರು 20 ಯೂರೋ ಕೊಟ್ಟೆವು. ಆ ಋತುವಿನಲ್ಲಿ ಸಣ್ಣ ಕಾರು ಮತ್ತು ಸಾಧಾರಣ ಕೋಣೆ ಅಷ್ಟರಲ್ಲೇ ಸಿಗುತ್ತಿತ್ತು. ಸಮುದ್ರದ ಅಂಚಿನಲ್ಲಿ ಪುಕ್ಕಟೆ ಮಲಗುವ ಆಸೆಯನ್ನೂ ಬಿಡಿ. ಸ್ಪೇನ್‌ನ ಕರಾವಳಿ ಕಾನೂನು ಅದನ್ನು ಒಪ್ಪುವುದಿಲ್ಲ, ಕಾಬೊ ದೆ ಗಾಟಾದಂಥ ಸಂರಕ್ಷಿತ ಪ್ರದೇಶದಲ್ಲಿ ದಂಡ ಖಚಿತ.

ಬಾಮೈದನಿಗೂ ಈ ವಿಮೆಯ ಲೆಕ್ಕವನ್ನೇ ಹೇಳಿದೆ. ಅವನ ಮನೆಯ ಫ್ರಿಜ್ಜಿಗೆ ಎಕ್ಸ್‌ಟೆಂಡೆಡ್ ವಾರಂಟಿ ಇದೆ, ಮಗಳ ಮೊಬೈಲಿನ ಗಾಜಿಗೆ ವಿಮೆ ಇದೆ. ಇಡೀ ಸಂಸಾರದ ಆರೋಗ್ಯಕ್ಕೆ ಆಫೀಸಿನವರು ಕೊಟ್ಟ ಮೂರು ಲಕ್ಷ ಬಿಟ್ಟರೆ ಏನೂ ಇಲ್ಲ. ನಮ್ಮಲ್ಲಿ ಬಹಳ ಮನೆಗಳ ಕಥೆ ಇದೇ. ಸಂಬಳದಲ್ಲಿ ತುಂಬಿಕೊಳ್ಳಬಹುದಾದ ನಷ್ಟಕ್ಕೆ ವಿಮೆ ಕಟ್ಟುತ್ತೇವೆ, ಮನೆ ಮಾರಿಸುವ ನಷ್ಟಕ್ಕೆ ಕಟ್ಟುವುದಿಲ್ಲ. ಷೆಂಗೆನ್ ವೀಸಾಕ್ಕೆ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ. ನಾವು ಅದನ್ನು ನಾಲ್ಕು ಪಟ್ಟು ಹೆಚ್ಚಿಗೆ ಮಾಡಿಸಿಕೊಂಡೇ ಹೋದೆವು. ಅಲ್ಲಿ ಒಂದು ಯೂರೋ ಕೂಡ ಉಳಿಸಲು ನೋಡಲಿಲ್ಲ.

ನೀವು ಹೋಗುವುದಾದರೆ ಮುಂಗಡ ಕಟ್ಟುವ ಮೊದಲು ಎಕ್ಸೆಸ್ ಎಷ್ಟು, ದಿನಕ್ಕೆ ಎಷ್ಟು, ದಿನಗಳಿಗೆ ಮಿತಿ ಇದೆಯೇ, ಛಾವಣಿ ಸೇರಿದೆಯೇ ಎಂದು ಮೇಲ್ ಬರೆದು ಕೇಳಿ. ಕೊಡಬೇಕಾದ ಒಟ್ಟು ಹಣವನ್ನು ಎಕ್ಸೆಸ್‌ನಿಂದ ಭಾಗಿಸಿ. ಹತ್ತರಲ್ಲೊಂದು ಪಾಲಿನೊಳಗೆ ಬಂದು, ಛಾವಣಿಯೂ ಸೇರಿದ್ದರೆ ಧಾರಾಳವಾಗಿ ಕೊಳ್ಳಿ. ಐದರಲ್ಲೊಂದು ಪಾಲು ದಾಟಿದರೆ ಬೇಡವೆನ್ನಿ. ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡದ ಕಂಪನಿಯ ವ್ಯಾನ್ ಹಿಡಿಯಬೇಡಿ.