ಕಾಲೇಜಿಗೆ ಹೋಗುವ ಮುಂಚೆ: ರ‍್ಯಾಗಿಂಗ್ ಬಗ್ಗೆ ತಿಳಿಯೋಣ


ಹತ್ತನೇ ತರಗತಿ ಮುಗಿದ ಮೇಲೆ ನಮ್ಮಲ್ಲಿ ಅನೇಕರು ಪೇಟೆಯ ಕಾಲೇಜಿಗೆ ಹೋಗುತ್ತೇವೆ, ಕೆಲವರು ಹಾಸ್ಟೆಲ್ ಸೇರುತ್ತೇವೆ. ಆದ್ದರಿಂದ ರ‍್ಯಾಗಿಂಗ್ ಅಂದರೆ ಏನು ಅಂತ ಈಗಲೇ ತಿಳಿದಿರಬೇಕು.

ರ‍್ಯಾಗಿಂಗ್ ಎಂದರೇನು?
ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಹೆದರಿಸಿ ಅವಮಾನ ಮಾಡುವುದು, ಹಿಂಸೆ ಕೊಡುವುದೇ ರ‍್ಯಾಗಿಂಗ್. ಎಲ್ಲರ ಎದುರು ಕುಣಿಸುವುದು, ಬಟ್ಟೆ ಒಗೆಸುವುದು, ನೋಟ್ಸ್ ಬರೆಸುವುದು, ದುಡ್ಡು ಕೀಳುವುದು, ಹೊಡೆಯುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಜಾತಿ, ಬಣ್ಣ, ಊರು, ಭಾಷೆ, ಬಡತನ ಹಿಡಿದು ಹೀಯಾಳಿಸುವುದೂ ರ‍್ಯಾಗಿಂಗೇ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) 2016ರಲ್ಲಿ ತನ್ನ ನಿಯಮಕ್ಕೆ ಸೇರಿಸಿತು.

"ಸುಮ್ನೆ ತಮಾಷೆಗೆ ಮಾಡಿದ್ವಿ" ಅಂದರೆ?
ಆ ಮಾತು ನಡೆಯುವುದಿಲ್ಲ. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ತಮಾಷೆಗೆ ಮಾಡಿದರೂ ಅದು ಅಪರಾಧ. 1 ವರ್ಷದವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾದ ವೈದ್ಯಕೀಯ ಕಾಲೇಜಿನಲ್ಲಿ ಹಿರಿಯರ ಹೊಡೆತದಿಂದ ಮೊದಲ ವರ್ಷದ ಹುಡುಗನೊಬ್ಬ ಸತ್ತೇಹೋದ. ಹೊಡೆದ ನಾಲ್ವರಿಗೆ 2010ರಲ್ಲಿ ಜೈಲು ಶಿಕ್ಷೆಯಾಯಿತು. ಡಾಕ್ಟರಾಗಬೇಕಿದ್ದ ಐದು ಮಕ್ಕಳ ಬಾಳು ಹಾಳಾಯಿತು.

ಇದು ಯಾಕೆ ನಿಲ್ಲುವುದಿಲ್ಲ?
ಒಂದು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅನ್ನುವ ಹಾಗೆ, ಈ ವರ್ಷ ಅನುಭವಿಸಿದವರೇ ಮುಂದಿನ ವರ್ಷ ಹೊಸಬರ ಮೇಲೆ ಸಿಟ್ಟು ತೀರಿಸುತ್ತಾರೆ. ಎರಡು, ಅನುಭವಿಸಿದವರು ಬಾಯಿ ಬಿಡುವುದಿಲ್ಲ. ಹಳ್ಳಿಯಿಂದ ಹೋದವರಿಗೆ ಇನ್ನೊಂದು ಭಯ: "ಮನೇಲಿ ಹೇಳಿದ್ರೆ ಓದು ಬಿಡಿಸ್ತಾರೆ." ಹೆಣ್ಣುಮಕ್ಕಳಿಗಂತೂ ಈ ಭಯ ಜಾಸ್ತಿ.

ಏನು ಮಾಡಬೇಕು?
1. ಒಬ್ಬರೇ ನುಂಗಿಕೊಳ್ಳಬೇಡಿ. ವಾರ್ಡನ್‌ಗೆ, ಪ್ರಿನ್ಸಿಪಾಲರಿಗೆ, ಮನೆಯವರಿಗೆ ಹೇಳಿ.
2. ದಿನದ 24 ಗಂಟೆಯೂ ಇರುವ ಉಚಿತ ಸಹಾಯವಾಣಿ 1800-180-5522. ಇದನ್ನು ಈಗಲೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.
3. ಯು.ಜಿ.ಸಿ.ಯ 2009ರ ನಿಯಮದಂತೆ, ಅಪರಾಧ ನಡೆದಿದೆ ಅಂತ ಕಂಡರೆ ಕಾಲೇಜಿನ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕು. ಆದ್ದರಿಂದ ದೂರು ಹೇಳುವುದು ಚಾಡಿಯಲ್ಲ, ನಮ್ಮ ಹಕ್ಕು.

ಹಿರಿಯರಲ್ಲಿ ಒಂದು ಮನವಿ. ಮಗಳೋ ಮಗನೋ ಹೀಗಾಯಿತು ಅಂದರೆ "ಓದು ಸಾಕು, ವಾಪಸ್ ಬಾ" ಅನ್ನಬೇಡಿ. "ನಾನೂ ಬರ್ತೀನಿ, ಪ್ರಿನ್ಸಿಪಾಲರ ಹತ್ರ ಮಾತಾಡೋಣ" ಅನ್ನಿ. ತಪ್ಪು ಮಾಡಿದವರು ಕಾಲೇಜು ಬಿಡಲಿ, ನಮ್ಮ ಮಕ್ಕಳು ಯಾಕೆ ಬಿಡಬೇಕು?

ಗೆಳೆಯರೇ, ಈ ಕೆಲಸ ನಮ್ಮ ಶಾಲೆಯಿಂದಲೇ ಶುರುವಾಗಲಿ. ಜೂನ್‌ನಲ್ಲಿ ಎಂಟನೇ ತರಗತಿಗೆ ಅಕ್ಕಪಕ್ಕದ ಊರುಗಳಿಂದ ಹೊಸಬರು ಬರುತ್ತಾರೆ. ಅಡ್ಡಹೆಸರು ಇಟ್ಟು ನಗುವ ಬದಲು ಅವರಿಗೆ ನೀರಿನ ನಲ್ಲಿ ಎಲ್ಲಿದೆ ತೋರಿಸೋಣ, ಬೆಂಚಿನಲ್ಲಿ ಜಾಗ ಕೊಡೋಣ.