ಹಗ್ಗ ಕಟ್ಟುವ ಮುನ್ನ
ಇಂಗ್ಲೆಂಡಿನ ಕಾಲುವೆಗಳಲ್ಲಿ ಉದ್ದನೆಯ, ಸಪೂರ ದೋಣಿಯನ್ನೇ ಮನೆ ಮಾಡಿಕೊಂಡವರು ಸಾವಿರಾರು ಮಂದಿ. ಕಾಯಂ ತಂಗುದಾಣವಿಲ್ಲದವರು ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. 1995ರ ಕಾಯಿದೆ ಅದು. 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಬಂದಾಗ ಕಾಲುವೆಗಳ ಉಸ್ತುವಾರಿಯ ಟ್ರಸ್ಟ್ ಈ ನಿಯಮವನ್ನು ತಡೆಹಿಡಿಯಿತು. ‘ಸದ್ಯ, ಆರಾಮ’ ಎನ್ನಬೇಡಿ. ನಿಂತ ದೋಣಿಯಲ್ಲೂ ನೀರಿನ ಟ್ಯಾಂಕು ಬರಿದಾಗುತ್ತದೆ, ಶೌಚದ ಡಬ್ಬಿ ತುಂಬುತ್ತದೆ.

ಅಂಥ ದಿನಗಳು ಮತ್ತೆ ಬಂದರೆ ನಲ್ಲಿಯೂ ಡಬ್ಬಿ ಖಾಲಿ ಮಾಡುವ ಜಾಗವೂ ಹತ್ತಿರವಿರುವ ಕಡೆ ಹಗ್ಗ ಕಟ್ಟಿ. ನೋಟ ಚೆನ್ನಾಗಿದೆಯೆಂದು ಊರಾಚೆ ಹೋಗಿ ಕೂತರೆ ಮೂರನೇ ವಾರಕ್ಕೆ ಆ ನೋಟವೇ ಬೇಡವಾಗುತ್ತದೆ! ನಲ್ಲಿಯನ್ನು ಹತ್ತು ಜನ ಮುಟ್ಟಿರುತ್ತಾರೆ. ಬಂದೊಡನೆ ಕೈಗೆ ಸೋಪು ಹಚ್ಚಿ. ಸ್ನಾನದ ನೀರು ಉಳಿಸಿ, ಕೈ ತೊಳೆಯುವುದರಲ್ಲಿ ಜಿಪುಣತನ ಬೇಡ.

ಎಲ್ಲಕ್ಕಿಂತ ಮುಖ್ಯ, ಚಳಿಯೆಂದು ಒಲೆ ಹಚ್ಚಿ ಗಾಳಿಕಿಂಡಿ ಮುಚ್ಚಬೇಡಿ. ಒಲೆಯಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋಂಕಿಗಿಂತ ಬೇಗ ಕೊಲ್ಲುತ್ತದೆ. ಅದರ ಅಲಾರಂ ಕೆಲಸ ಮಾಡುತ್ತಿದೆಯೇ, ಇವತ್ತೇ ಒತ್ತಿ ನೋಡಿ.

ಪಕ್ಕದ ದೋಣಿಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ದಡದಿಂದಲೇ ಕೂಗಿ ಮಾತಾಡಿಸಿ. ಅಂಗಡಿಗೆ ಒಬ್ಬರು ಹೋಗಿ ಎರಡೂ ದೋಣಿಗೆ ಸಾಮಾನು ತಂದರಾಯಿತು.