ಸೋಂಕು ತಡೆಯುವ ನರ್ಸ್: ಓದು ಮತ್ತು ಉದ್ಯೋಗ



2024ರ ಫೆಬ್ರುವರಿಯಲ್ಲಿ ಪಾವಗಡದ ಸರ್ಕಾರಿ ತಾಯಿ-ಮಗು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೂವರು ಮಹಿಳೆಯರು ತೀರಿಕೊಂಡ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಸೋಂಕು ಇದಕ್ಕೆ ಕಾರಣವೆಂದು ವರದಿಯಾಯಿತು. ಮಧುಗಿರಿ, ಶಿರಾ, ಕೊರಟಗೆರೆಯ ಮನೆಗಳಲ್ಲೂ ಆ ದಿನಗಳಲ್ಲಿ ಇದೇ ಮಾತು. ಆಸ್ಪತ್ರೆಗೆ ಹೋಗುವುದು ಗುಣವಾಗಲೆಂದು. ಅಲ್ಲೇ ಹೊಸ ಕಾಯಿಲೆ ಅಂಟದಂತೆ ನೋಡಿಕೊಳ್ಳುವುದು ಯಾರ ಕೆಲಸ? ವೈದ್ಯರು, ಸ್ವಚ್ಛತಾ ಸಿಬ್ಬಂದಿ ಎಲ್ಲರದ್ದೂ ಹೌದು. ಆದರೆ ಅದನ್ನೇ ದಿನವಿಡೀ ಮಾಡಲೆಂದು ತರಬೇತಿ ಪಡೆದ ಒಬ್ಬರಿರುತ್ತಾರೆ. ಅವರೇ ಸೋಂಕು ನಿಯಂತ್ರಣ ನರ್ಸ್.

ಕೆಲಸವೇನು?

1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಹೆರಿಗೆ ವಾರ್ಡಿಗೆ ಬರುವವರೆಲ್ಲ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ರೋಗಾಣುಗಳ ವಿಷಯ ಇನ್ನೂ ಯಾರಿಗೂ ಸರಿಯಾಗಿ ತಿಳಿದಿರದ ಕಾಲವದು. ಅವರು ಮಾಡಿದ್ದು ಎರಡೇ ಕೆಲಸ: ಕೈ ತೊಳೆಸಿದರು, ಲೆಕ್ಕ ಇಟ್ಟರು. ಇಂದಿಗೂ ಈ ವೃತ್ತಿ ನಿಂತಿರುವುದು ಇವೆರಡರ ಮೇಲೆಯೇ.

ನಮ್ಮಲ್ಲಿ ಹಲವರಿಗೆ ವುಝೂ ಮೂಲಕ ದಿನಕ್ಕೆ ಐದು ಹೊತ್ತು ಕೈ ತೊಳೆಯುವ ಅಭ್ಯಾಸವಿದೆ. ಆಸ್ಪತ್ರೆಯಲ್ಲಿ ಅಷ್ಟೇ ಸಾಲದು. ಸೋಪು ಹಚ್ಚಿ ಬೆರಳ ಸಂದು, ಉಗುರು, ಹೆಬ್ಬೆರಳು ಬಿಡದೆ 40ರಿಂದ 60 ಸೆಕೆಂಡು ತೊಳೆಯಬೇಕು. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ನಂತರ ಸೇರಿ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಇದನ್ನು ಎಷ್ಟು ಜನ ಪಾಲಿಸುತ್ತಾರೆಂದು ವಾರ್ಡಿನಲ್ಲಿ ನಿಂತು ನೋಡಿ ಬರೆದುಕೊಳ್ಳುವುದು ಸೋಂಕು ನಿಯಂತ್ರಣ ನರ್ಸ್‌ನ ಕೆಲಸ.

ಇನ್ನೊಂದು ಉದಾಹರಣೆ ಆಟೋಕ್ಲೇವ್. ಪ್ರೆಶರ್ ಕುಕ್ಕರ್‌ನಂತೆಯೇ ಒತ್ತಡದ ಹಬೆಯಿಂದ, 121 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖದಲ್ಲಿ, ಉಪಕರಣಗಳನ್ನು ರೋಗಾಣುಮುಕ್ತ ಮಾಡುವ ಯಂತ್ರವದು. ಕಟ್ಟಿನ ಮೇಲಿನ ಟೇಪಿನ ಬಣ್ಣ ಬದಲಾದರೆ ಕಟ್ಟಿಗೆ ಶಾಖ ತಗುಲಿದೆ ಎಂದಷ್ಟೇ ಅರ್ಥ. ರೋಗಾಣು ಸತ್ತಿವೆಯೇ ಎಂದು ತಿಳಿಯಲು ಶಾಖಕ್ಕೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಒಳಗಿಟ್ಟು ಪರೀಕ್ಷಿಸಬೇಕು. ಈ ವ್ಯತ್ಯಾಸ ಗೊತ್ತಿರುವ ನರ್ಸ್ ಮಾತ್ರ "ಈ ಕಟ್ಟು ಬಳಸಬೇಡಿ" ಎಂದು ಧೈರ್ಯವಾಗಿ ಹೇಳಬಲ್ಲರು.

ಗಣಿತವೂ ಬೇಕು. ಒಂದು ವಾರ್ಡಿನಲ್ಲಿ ಎಲ್ಲ ರೋಗಿಗಳು ಮೂತ್ರದ ಕ್ಯಾಥೆಟರ್ ಹಾಕಿಸಿಕೊಂಡಿದ್ದ ದಿನಗಳ ಒಟ್ಟು ಮೊತ್ತ 800, ಅದರಿಂದ ಸೋಂಕಾದವರು 4 ಎಂದುಕೊಳ್ಳಿ. 4ನ್ನು 800ರಿಂದ ಭಾಗಿಸಿ 1000ದಿಂದ ಗುಣಿಸಿದರೆ 5. ಅಂದರೆ ಸಾವಿರ ಕ್ಯಾಥೆಟರ್ ದಿನಗಳಿಗೆ 5 ಸೋಂಕು. ಮುಂದಿನ ತಿಂಗಳು ಇದು 8 ಆದರೆ ಕಾರಣ ಹುಡುಕಬೇಕು.

ಓದಿನ ದಾರಿ

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಕನಿಷ್ಠ ಶೇ. 45 ಅಂಕ ಪಡೆದವರು, ಇಂಗ್ಲಿಷ್‌ನಲ್ಲಿ ಉತ್ತೀರ್ಣರಾಗಿದ್ದರೆ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಅರ್ಹರು. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪಠ್ಯಕ್ರಮದಲ್ಲಿ ಸೂಕ್ಷ್ಮಜೀವಶಾಸ್ತ್ರದ ಜೊತೆಗೆ ಸೋಂಕು ನಿಯಂತ್ರಣವೂ ಕಡ್ಡಾಯ ಪಾಠ. ಕಲಾ, ವಾಣಿಜ್ಯ ವಿಭಾಗದವರು ನಿರಾಶರಾಗಬೇಕಿಲ್ಲ. ಮೂರು ವರ್ಷದ ಜಿ.ಎನ್.ಎಂ., ನಂತರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಅವರೂ ಅದೇ ಜಾಗಕ್ಕೆ ತಲುಪಬಹುದು.

ಪದವಿಯ ನಂತರ ಒಂದು ವರ್ಷದ ಅನುಭವ ಮತ್ತು ಶೇ. 55 ಅಂಕ ಇದ್ದರೆ ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗ್. ಸೋಂಕು ತಡೆಯಲ್ಲಿ ಆಸಕ್ತಿಯಿರುವವರು ಮೆಡಿಕಲ್-ಸರ್ಜಿಕಲ್ ಅಥವಾ ಸಮುದಾಯ ಆರೋಗ್ಯ ವಿಭಾಗ ಆರಿಸಿಕೊಂಡು, ಪ್ರಬಂಧಕ್ಕೆ ಇದೇ ವಿಷಯ ತೆಗೆದುಕೊಳ್ಳಬಹುದು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇನ್ನೊಂದು ದಾರಿ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಮೇಲೆ ಬರೆಯಬಹುದಾದ ಸಿ.ಐ.ಸಿ. ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಪರೀಕ್ಷೆಯೂ ಇದೆ.

ಉದ್ಯೋಗ

ಎನ್.ಎ.ಬಿ.ಎಚ್. ಮಾನ್ಯತೆ ಬೇಕೆನ್ನುವ ಆಸ್ಪತ್ರೆಗಳು ಸೋಂಕು ತಡೆ ವ್ಯವಸ್ಥೆ ತೋರಿಸಲೇಬೇಕು. ಸರ್ಕಾರಿ ಆಸ್ಪತ್ರೆಗಳಿಗೆ 2015ರಿಂದ ಇರುವ ಕಾಯಕಲ್ಪ ಯೋಜನೆಯಲ್ಲೂ ಇದಕ್ಕೆ ಅಂಕಗಳಿವೆ. ಹಾಗಾಗಿ ಸೋಂಕು ನಿಯಂತ್ರಣ ನರ್ಸ್, ಉಪಕರಣ ಶುದ್ಧೀಕರಣ ವಿಭಾಗದ ಮೇಲ್ವಿಚಾರಕಿ, ಗುಣಮಟ್ಟ ಅಧಿಕಾರಿ, ನರ್ಸಿಂಗ್ ಕಾಲೇಜಿನ ಅಧ್ಯಾಪಕಿ ಹೀಗೆ ಹಲವು ಅವಕಾಶಗಳಿವೆ. ಈ ಹುದ್ದೆಗಳು ಹುಡುಗರಿಗೂ ತೆರೆದಿವೆ. ಗಲ್ಫ್ ದೇಶಗಳಿಗೆ ಹೋಗುವವರು ಅಲ್ಲಿನ ಪರವಾನಗಿ ಪರೀಕ್ಷೆ ಪಾಸಾಗಬೇಕು.

ಈ ವೃತ್ತಿಯಲ್ಲಿ ಅಪಾಯವೂ ಇದೆ. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರಾ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಪಾ ರೋಗಿಯ ಆರೈಕೆ ಮಾಡಿ ತಾವೇ ಸೋಂಕಿಗೆ ಬಲಿಯಾದರು. ಸೋಂಕು ತಡೆ ರೋಗಿಯನ್ನಷ್ಟೇ ಅಲ್ಲ, ಆರೈಕೆ ಮಾಡುವವರನ್ನೂ ಕಾಯುತ್ತದೆ.

ಮದೀನಾದಲ್ಲಿ ಗಾಯಾಳುಗಳಿಗೆ ಡೇರೆ ಹಾಕಿ ಶುಶ್ರೂಷೆ ಮಾಡಿದ ರುಫೈದಾ ಅವರ ಕಥೆಯನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲಿ ಕೇಳಿರುತ್ತೀರಿ. ಆ ಸೇವೆಗೆ ಇಂದು ಓದಿನ ಬಲವೂ ಬೇಕು. ನಮ್ಮ ನಾಲ್ಕು ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ನಾಳೆ "ನಿಲ್ಲಿ, ಇದು ಶುದ್ಧವಾಗಿಲ್ಲ" ಎಂದು ಹೇಳುವ ಧ್ವನಿ ನಿಮ್ಮದಾಗಲಿ. ಅದಕ್ಕೆ ಮೊದಲ ಹೆಜ್ಜೆಯಾಗಿ ಜೀವಶಾಸ್ತ್ರ ಪುಸ್ತಕದ ಸೂಕ್ಷ್ಮಜೀವಿಗಳ ಅಧ್ಯಾಯವನ್ನು ಈ ವಾರವೇ ಮತ್ತೊಮ್ಮೆ ಓದಿ.